ವಂಡರ್‌ಲಾ: ರಷ್ ಯಾವಾಗ ಕಡಿಮೆ, ಟಿಕೆಟ್ ಯಾವಾಗ ಅಗ್ಗ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಪಕ್ಕ, ಬಿಡದಿ ಹತ್ತಿರದ ವಂಡರ್‌ಲಾ ಮನರಂಜನಾ ಪಾರ್ಕಿಗೆ ಹೊರಟವರಲ್ಲಿ ಹೆಚ್ಚಿನವರು ಮೊದಲು ಕೇಳುವುದು "ಆಫರ್ ಏನಾದ್ರೂ ನಡೀತಿದೆಯಾ?" ಅಂತ. ಅದಕ್ಕಿಂತ ಮುಂಚೆ ಕೇಳಬೇಕಾದದ್ದು "ಯಾವತ್ತು ರಷ್ ಕಡಿಮೆ?" ಅಂತ. ಮನೆಮಂದಿಯೆಲ್ಲ ಸೇರಿ ಹೋದರೆ ಒಂದೇ ದಿನಕ್ಕೆ ಐದಾರು ಸಾವಿರ ಖರ್ಚಾಗುತ್ತದೆ. ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವವರಿಗೆ ಅದು ಸಣ್ಣ ಮೊತ್ತವಲ್ಲ. ಆ ದುಡ್ಡಿಗೆ ಮಕ್ಕಳು ಎಷ್ಟು ಆಟ ಆಡಿ ಬಂದರು ಅನ್ನುವುದನ್ನು ಲೆಕ್ಕ ಹಾಕಿ ಹೊರಡುವವರಿಗಾಗಿ ಈ ಉತ್ತರಗಳನ್ನು ಬರೆದಿದ್ದೇನೆ. ದರ ದಿನದಿಂದ ದಿನಕ್ಕೆ ಬದಲಾಗುವುದರಿಂದ ಇಂದಿನ ಬೆಲೆಯನ್ನು ಇಲ್ಲಿ ಕೊಟ್ಟಿಲ್ಲ. ಲೆಕ್ಕ ತೋರಿಸುವಲ್ಲೆಲ್ಲ ಒಂದು ಟಿಕೆಟ್‌ಗೆ ಸಾವಿರ ರೂಪಾಯಿ ಎಂದು ಇಟ್ಟುಕೊಂಡಿದ್ದೇನೆ.

ವರ್ಷದಲ್ಲಿ ಯಾವ ತಿಂಗಳು ಹೆಚ್ಚು ರಷ್?

ಏಪ್ರಿಲ್ ಎರಡನೇ ವಾರದಿಂದ ಮೇ ಮುಗಿಯುವವರೆಗೆ. ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ ಆಗಲೇ, ಸುಡುಬಿಸಿಲೂ ಆಗಲೇ, ಊರಿಂದ ಬೆಂಗಳೂರಿನ ಚಿಕ್ಕಪ್ಪನ ಮನೆಗೋ ಅತ್ತೆ ಮನೆಗೋ ಮಕ್ಕಳು ಬಂದು ಸೇರುವುದೂ ಆಗಲೇ. ವಂಡರ್‌ಲಾ ಷೇರುಪೇಟೆಯಲ್ಲಿರುವ ಕಂಪನಿ. ಹಾಗಾಗಿ ಮೂರು ತಿಂಗಳಿಗೊಮ್ಮೆ ಎಷ್ಟು ಜನ ಬಂದರು ಅನ್ನುವ ಲೆಕ್ಕವನ್ನು ಹೊರಗೆ ಕೊಡುತ್ತದೆ. ಅದರಲ್ಲಿ ಸಾಮಾನ್ಯವಾಗಿ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳು ಎಲ್ಲಕ್ಕಿಂತ ಮೇಲೆ, ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮೂರು ತಿಂಗಳು ಎಲ್ಲಕ್ಕಿಂತ ಕೆಳಗೆ.

"ನಮ್ಮ ಮಕ್ಕಳ ಶಾಲೆ ಶುರುವಾಯ್ತು, ಇನ್ನು ಖಾಲಿ ಇರುತ್ತೆ" ಅಂದುಕೊಂಡು ಜೂನ್ ಮೊದಲ ವಾರದಲ್ಲಿ ಹೋಗುವವರಿದ್ದಾರೆ. ನಮ್ಮಲ್ಲಿ ಮೇ ಕೊನೆಗೇ ಶಾಲೆ ತೆರೆದರೂ ಆಂಧ್ರ, ತೆಲಂಗಾಣದಲ್ಲಿ ಜೂನ್ 12ರ ಸುಮಾರಿಗೆ ತೆರೆಯುತ್ತದೆ, ತಮಿಳುನಾಡಿನಲ್ಲೂ ಜೂನ್ ಬಂದ ಮೇಲೆಯೇ. ಹೊಸೂರು, ಕೃಷ್ಣಗಿರಿ, ಅನಂತಪುರ, ಹಿಂದೂಪುರದ ಕಡೆಯವರಿಗೆ ಬೆಂಗಳೂರು ಹತ್ತಿರ. ಆದ್ದರಿಂದ ಜೂನ್ ಮಧ್ಯದವರೆಗೂ ಬೇಸಿಗೆ ರಷ್ ಪೂರ್ತಿ ಇಳಿದಿರುವುದಿಲ್ಲ.

ಬೇಸಿಗೆ ಬಿಟ್ಟರೆ ದಸರಾ ರಜೆ, ಅದು ಬಿಟ್ಟರೆ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ. ನವೆಂಬರ್, ಡಿಸೆಂಬರ್‌ನ ಕತೆಯೇ ಬೇರೆ. ಅದು ಶಾಲಾ ಪ್ರವಾಸದ ಕಾಲ. ಶನಿವಾರ, ಭಾನುವಾರದ ಲೆಕ್ಕವನ್ನೆಲ್ಲ ಮೀರಿ ಯಾವುದೋ ಒಂದು ಬುಧವಾರ ಸಾಲುಸಾಲಾಗಿ ಬಸ್ಸುಗಳು ಬಂದು ನಿಲ್ಲುತ್ತವೆ.

ಹಾಗಾದರೆ ಕಡಿಮೆ ಜನ ಇರುವುದು ಯಾವಾಗ?

ಎರಡು ಕಾಲ. ಒಂದು, ಜುಲೈ ಮತ್ತು ಆಗಸ್ಟ್‌ನ ವಾರದ ದಿನಗಳು, ಆಗಸ್ಟ್ 15ರ ಆಸುಪಾಸು ಬಿಟ್ಟು. ಇನ್ನೊಂದು, ಫೆಬ್ರವರಿ ಮಧ್ಯದಿಂದ ಮಾರ್ಚ್ ನಡುವಿನವರೆಗೆ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಹತ್ತಿರವಿದ್ದಾಗ ಮನೆಯಲ್ಲಿ ಟಿವಿ ಹಾಕುವುದಕ್ಕೂ ಹಿಂಜರಿಯುತ್ತಾರೆ, ಇನ್ನು ಪಾರ್ಕಿಗೆ ಯಾರು ಹೋಗುತ್ತಾರೆ? ಮನೆಯಲ್ಲಿ ಪರೀಕ್ಷೆ ಬರೆಯುವವರಿಲ್ಲದಿದ್ದರೆ ನನ್ನ ಆಯ್ಕೆ ಈ ಎರಡನೆಯದು. ಮಳೆಯ ಭಯವಿಲ್ಲ, ಬಿಸಿಲು ಏರುತ್ತಿರುತ್ತದೆ, ಮಧ್ಯಾಹ್ನ ನೀರಿಗಿಳಿದರೆ ಚಳಿಯಾಗುವುದಿಲ್ಲ.

ವಾರದಲ್ಲಿ ಯಾವ ದಿನ ಒಳ್ಳೆಯದು?

ಮಂಗಳವಾರ, ಬುಧವಾರ, ಗುರುವಾರ. ಸೋಮವಾರ, ಶುಕ್ರವಾರಗಳಿಗೆ ಉದ್ದನೆಯ ವಾರಾಂತ್ಯದ ಜನ ಸೇರಿಕೊಳ್ಳುತ್ತಾರೆ. ಶನಿವಾರ ಹೋಗಲೇಬೇಕಾದರೆ ಎರಡನೇ, ನಾಲ್ಕನೇ ಶನಿವಾರ ಬೇಡ. ಆ ದಿನ ಬ್ಯಾಂಕು, ಸರ್ಕಾರಿ ಕಚೇರಿ ಎಲ್ಲಕ್ಕೂ ರಜೆ. ಭಾನುವಾರ ಎಲ್ಲ ಕಾಲದಲ್ಲೂ ರಷ್.

ಮಳೆಗಾಲದಲ್ಲಿ ಹೋದರೆ ಟಿಕೆಟ್ ದುಡ್ಡು ದಂಡವಾಗುವುದಿಲ್ಲವೇ?

ಬೆಂಗಳೂರಿನ ಜುಲೈ ಮಳೆ ಬಹುಪಾಲು ಜಿಟಿಜಿಟಿ ಮಳೆ. ಹೇಗೂ ನೆನೆಯಲೆಂದೇ ಹೋಗಿರುತ್ತೀರಿ. ಮಳೆಗಿಂತ ತೊಂದರೆ ಕೊಡುವುದು ಗಾಳಿ ಮತ್ತು ನೀರಿನ ತಣ್ಣನೆ. ಸಣ್ಣ ಮಕ್ಕಳು ನೀರಿನಿಂದ ಮೇಲೆ ಬಂದ ಕೂಡಲೇ ಹಲ್ಲು ಕಡಿಯಲು ಶುರು ಮಾಡುತ್ತಾರೆ. ಒಣ ಟವೆಲ್ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಗುಡುಗು, ಸಿಡಿಲು ಬಂದರೆ ಎತ್ತರದ ಆಟಗಳನ್ನು ನಿಲ್ಲಿಸುತ್ತಾರೆ, ನಿಲ್ಲಿಸಲೇಬೇಕು. ನಮ್ಮ ಕಡೆ ಸಿಡಿಲಿನ ಆರ್ಭಟ ಜಾಸ್ತಿ ಇರುವುದು ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಮತ್ತು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆ ಲೆಕ್ಕದಲ್ಲಿ ಜುಲೈ ಎಷ್ಟೋ ಮೇಲು.

ಜನ ಜಾಸ್ತಿ ಇದ್ದರೆ ಇರಲಿ, ಜಾತ್ರೆಯ ಹಾಗೆ ಖುಷಿ ಅಲ್ಲವೇ? ನಮಗೇನು ನಷ್ಟ?

ಅಲೆ ಬರುವ ಕೊಳದಲ್ಲಿ, ಹಾಡು ಹಾಕಿ ಮಳೆ ಸುರಿಸುವ ರೇನ್ ಡಿಸ್ಕೋದಲ್ಲಿ ಜನ ಇದ್ದಷ್ಟೂ ಚೆಂದ, ಒಪ್ಪುತ್ತೇನೆ. ದೊಡ್ಡ ಆಟಗಳ ವಿಷಯ ಹಾಗಲ್ಲ. ಅಲ್ಲಿ ಯಂತ್ರದ ಲೆಕ್ಕ ನಡೆಯುತ್ತದೆ, ಅದನ್ನು ಯಾರೂ ಹಿಗ್ಗಿಸಲಾಗದು.

ಒಂದು ಆಟದಲ್ಲಿ 24 ಸೀಟು ಇವೆ ಎಂದುಕೊಳ್ಳಿ. ಹತ್ತಿಸಬೇಕು, ಪ್ರತಿಯೊಬ್ಬರ ಬೆಲ್ಟು, ಭುಜದ ಪಟ್ಟಿ ಎಳೆದು ನೋಡಬೇಕು, ಓಡಿಸಬೇಕು, ಇಳಿಸಬೇಕು. ಎಲ್ಲ ಸೇರಿ ನಾಲ್ಕು ನಿಮಿಷ. ಗಂಟೆಗೆ 15 ಸುತ್ತು, 360 ಜನ. ನಿಮ್ಮ ಮುಂದೆ 90 ಜನ ಇದ್ದರೆ ಕಾಲು ಗಂಟೆಯಲ್ಲಿ ನಿಮ್ಮ ಸರದಿ. 540 ಜನ ಇದ್ದರೆ ಒಂದೂವರೆ ಗಂಟೆ. ಆಟದ ಸಮಯ ಒಂದೆರಡು ನಿಮಿಷ ಮಾತ್ರ. ಬೆಳಿಗ್ಗೆ 11ಕ್ಕೆ ಹೋಗಿ ಸಂಜೆ 6ಕ್ಕೆ ಬಂದರೆ ಸಿಗುವ ಏಳು ಗಂಟೆಯಲ್ಲಿ ಊಟ, ಬಟ್ಟೆ ಬದಲಾವಣೆ, ಓಡಾಟಕ್ಕೆ ಎರಡು ಗಂಟೆ ಕಳೆಯಿರಿ. ಉಳಿದ ಐದು ಗಂಟೆಯಲ್ಲಿ, ಕಾಯುವುದು ಕಾಲು ಗಂಟೆಯಾದರೆ ಹದಿನೈದಕ್ಕೂ ಹೆಚ್ಚು ಆಟ ಆಡಬಹುದು, ಒಂದೂವರೆ ಗಂಟೆಯಾದರೆ ಮೂರೇ ಮೂರು. ಸಾವಿರ ರೂಪಾಯಿ ಟಿಕೆಟ್‌ನಲ್ಲಿ ಒಂದು ಆಟಕ್ಕೆ 65 ರೂಪಾಯಿ ಬಿದ್ದದ್ದು, ರಷ್ ದಿನದಲ್ಲಿ 300 ದಾಟುತ್ತದೆ. ಶೇ 20ರ ಕೂಪನ್ನು ಈ ಅಂತರವನ್ನು ತುಂಬಿಕೊಡಲು ಸಾಧ್ಯವೇ ಇಲ್ಲ. ಅದಕ್ಕೇ ದಿನವನ್ನು ಮೊದಲು ನೋಡಿ, ಆಫರನ್ನು ಆಮೇಲೆ ನೋಡಿ ಎನ್ನುವುದು.

ಪಾರ್ಕಿನವರು ರಿಯಾಯಿತಿ ಯಾಕೆ ಕೊಡುತ್ತಾರೆ?

ಖರ್ಚು ಬಹುತೇಕ ನಿಗದಿಯಾದದ್ದು, ಅದಕ್ಕೆ. ನೂರು ಜನ ಬರಲಿ, ಹತ್ತು ಸಾವಿರ ಜನ ಬರಲಿ, ನೀರು ಶುದ್ಧ ಮಾಡುವ ಪಂಪು ಓಡಬೇಕು, ಜೀವರಕ್ಷಕರು ಕೊಳದ ಪಕ್ಕ ನಿಂತಿರಬೇಕು, ಆಟಗಳ ತಪಾಸಣೆ ಬೆಳಿಗ್ಗೆಯೇ ಮುಗಿದಿರಬೇಕು. ಹಬ್ಬದ ಹಿಂದಿನ ರಾತ್ರಿ ದುಪ್ಪಟ್ಟು ಕೇಳುವ ಖಾಸಗಿ ಬಸ್ಸು ಮಾರನೇ ವಾರ ಅರ್ಧ ಸೀಟು ಖಾಲಿ ಇಟ್ಟುಕೊಂಡು ಅದೇ ದಾರಿಯಲ್ಲಿ ಓಡುವ ಹಾಗೆ. ಹಾಗಾಗಿ ತುಂಬುವ ದಿನ ದರ ಏರಿಸಿ, ಖಾಲಿ ದಿನಕ್ಕೆ ಜನರನ್ನು ಕರೆಯುವುದು ಎಲ್ಲ ಪಾರ್ಕುಗಳ ಲೆಕ್ಕಾಚಾರ. ಗ್ರಾಹಕನಿಗೂ ಇದರಿಂದ ಅನ್ಯಾಯವೇನಿಲ್ಲ. ದಿನ ಬದಲಿಸುವ ಅವಕಾಶ ಇದ್ದವರಿಗೆ ದರವೂ ಇಳಿಯುತ್ತದೆ, ಕ್ಯೂ ಕೂಡ ಇಳಿಯುತ್ತದೆ. ಕಷ್ಟವಾಗುವುದು ವಾರಕ್ಕೆ ಒಂದೇ ರಜೆ ಇರುವ ಗಾರ್ಮೆಂಟ್ಸ್, ಅಂಗಡಿ ಕೆಲಸದವರಿಗೆ. ಅವರು ಭಾನುವಾರವೇ ಹೋಗಬೇಕು, ಹೆಚ್ಚಿನ ದರವನ್ನೇ ಕೊಡಬೇಕು, ಉದ್ದ ಕ್ಯೂನಲ್ಲೂ ನಿಲ್ಲಬೇಕು. ಅವರಿಗಾಗಿ ಒಂದು ರಿಯಾಯಿತಿ ಇರಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಷ್ಟು ವರ್ಷಗಳಲ್ಲಿ ಬರುವವರ ಸಂಖ್ಯೆ ಏರುತ್ತಲೇ ಇದೆಯೇ?

ಏರಿದೆ, ಬಿದ್ದಿದೆ, ಮತ್ತೆ ಎದ್ದಿದೆ, ಈಚೆಗೆ ಸ್ವಲ್ಪ ಇಳಿದದ್ದೂ ಉಂಟು.

ವಿ-ಗಾರ್ಡ್ ಸ್ಟೆಬಿಲೈಜರ್ ಕಂಪನಿ ಕಟ್ಟಿದ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿ ಅವರು 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಎಂಬ ಪಾರ್ಕ್ ತೆರೆದರು. 2005ರಲ್ಲಿ ಬಿಡದಿ ಬಳಿಯ ವಂಡರ್‌ಲಾ ಬಂತು. ಆಮೇಲೆ ಕೊಚ್ಚಿಯದಕ್ಕೂ ಅದೇ ಹೆಸರಾಯಿತು. 2014ರಲ್ಲಿ ಕಂಪನಿ ಷೇರುಪೇಟೆಗೆ ಬಂತು, 2016ರಲ್ಲಿ ಹೈದರಾಬಾದ್, 2024ರಲ್ಲಿ ಭುವನೇಶ್ವರ, 2025ರ ಡಿಸೆಂಬರ್‌ನಲ್ಲಿ ಚೆನ್ನೈ ಪಾರ್ಕ್ ಶುರುವಾದವು.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಎಲ್ಲ ಪಾರ್ಕುಗಳೂ ಬಾಗಿಲು ಹಾಕಿದವು. ಬೆಂಗಳೂರಿನದು ಮತ್ತೆ ತೆರೆದದ್ದು ಆ ವರ್ಷದ ನವೆಂಬರ್‌ನಲ್ಲಿ. 2021ರ ಬೇಸಿಗೆಯಲ್ಲಿ ಎರಡನೇ ಅಲೆ ಬಂದು ಇನ್ನೊಂದು ರಜಾ ಕಾಲವೂ ಕೈತಪ್ಪಿತು. ವರ್ಷದ ಗಳಿಕೆಯ ದೊಡ್ಡ ಪಾಲು ಬರುವ ಏಪ್ರಿಲ್, ಮೇ ತಿಂಗಳುಗಳು ಎರಡು ವರ್ಷ ಸತತವಾಗಿ ಹೋದರೆ ಪಾರ್ಕ್ ನಡೆಸುವವರ ಪಾಡೇನು, ಊಹಿಸಿಕೊಳ್ಳಿ. 2022ರ ಬೇಸಿಗೆಯಿಂದ ಜನ ತಡೆಹಿಡಿದ ಆಸೆಯನ್ನೆಲ್ಲ ತೀರಿಸಿಕೊಳ್ಳುವ ಹಾಗೆ ಬಂದರು. 2022-23ರ ಹಣಕಾಸು ವರ್ಷದಲ್ಲಿ ಆಗಿದ್ದ ಮೂರು ಪಾರ್ಕುಗಳಿಗೆ ಸೇರಿ ಸುಮಾರು 33 ಲಕ್ಷ ಜನ ಬಂದರು. ಅಲ್ಲಿಯವರೆಗಿನ ದಾಖಲೆ ಅದು. ಮರುವರ್ಷ ಸಂಖ್ಯೆ ತುಸು ಇಳಿದು 32.5 ಲಕ್ಷದ ಹತ್ತಿರ ನಿಂತಿತು.

ಜನ ಇಳಿದರೂ ಕಂಪನಿಯ ಆದಾಯ ಏರಿತು ಅಂತಾರಲ್ಲ, ಅದು ಹೇಗೆ?

ಆ ಎರಡು ವರ್ಷಗಳನ್ನೇ ನೋಡಿ. 2022-23ರಲ್ಲಿ ಆದಾಯ ಸುಮಾರು 430 ಕೋಟಿ, 2023-24ರಲ್ಲಿ 480 ಕೋಟಿ ದಾಟಿತು. ಜನ ಇಳಿದರು, ದುಡ್ಡು ಏರಿತು. ಟಿಕೆಟ್ ದರ ಏರಿದ್ದು ಒಂದು ಕಾರಣ. ಒಳಗೆ ಹೋದ ಮೇಲೆ ಊಟ, ಬಟ್ಟೆ, ಲಾಕರ್, ಫೋಟೋ ಎಂದು ತಲಾ ಖರ್ಚು ಏರಿದ್ದು ಇನ್ನೊಂದು. ಸಂದರ್ಶಕರಿಗೆ ಇದರ ಅರ್ಥ ಸರಳ. ಟಿಕೆಟ್‌ನಲ್ಲಿ ಬಿಟ್ಟುಕೊಟ್ಟದ್ದನ್ನು ಒಳಗಿನ ಅಂಗಡಿಯಲ್ಲಿ ಮರಳಿ ಪಡೆಯುವ ಅವಕಾಶ ಪಾರ್ಕಿಗೆ ಯಾವಾಗಲೂ ಇದೆ. ಆದ್ದರಿಂದ ಬಜೆಟ್ ಹಾಕುವಾಗ ಟಿಕೆಟ್ ದರ ಒಂದನ್ನೇ ನೋಡಬೇಡಿ.

ಮಗಳು ಈಗಷ್ಟೇ ಎಸ್ಸೆಸ್ಸೆಲ್ಸಿ ಬರೆದಳು. ಹಾಲ್ ಟಿಕೆಟ್ ತೋರಿಸಿದರೆ ರಿಯಾಯಿತಿ ಸಿಗುತ್ತದೆಯೇ?

ವಂಡರ್‌ಲಾ ಹಲವು ವರ್ಷಗಳಿಂದ ಬೇಸಿಗೆಯಲ್ಲಿ ಕೊಡುತ್ತಾ ಬಂದಿರುವ ಆಫರ್ ಇದು. ಹತ್ತನೇ ತರಗತಿ, ದ್ವಿತೀಯ ಪಿಯುಸಿ ಪರೀಕ್ಷೆ ಬರೆದವರು ಆ ವರ್ಷದ ಅಸಲಿ ಹಾಲ್ ಟಿಕೆಟ್ ತಂದರೆ ಟಿಕೆಟ್ ದರದಲ್ಲಿ ಶೇ 35ರವರೆಗೂ ಕಡಿತ ಕೊಟ್ಟಿದೆ. ಪ್ರತಿ ವರ್ಷ ಪ್ರಮಾಣ, ಕೊನೇ ದಿನಾಂಕ, ಆನ್‌ಲೈನ್‌ನಲ್ಲೋ ಕೌಂಟರ್‌ನಲ್ಲೋ ಎಂಬ ನಿಯಮ ಬದಲಾಗಬಹುದು. ಹೊರಡುವ ಮುಂಚೆ ಪಾರ್ಕಿನ ವೆಬ್‌ಸೈಟ್‌ನಲ್ಲಿ ಆಫರ್ ಪುಟ ನೋಡಿ, ಅನುಮಾನವಿದ್ದರೆ ಫೋನ್ ಮಾಡಿ ಕೇಳಿ.

ಇರುವ ರಿಯಾಯಿತಿಗಳಲ್ಲೆಲ್ಲ ನನಗೆ ಇದು ಬಹಳ ಇಷ್ಟ. ರಾಮನಗರ, ಮಂಡ್ಯ, ತುಮಕೂರು ಕಡೆಯಿಂದ ಏಳೆಂಟು ಹುಡುಗರ ಗುಂಪು ಮೊದಲ ಸಲ ದೊಡ್ಡವರಿಲ್ಲದೆ ಬಂದಿರುತ್ತದೆ. ಕೌಂಟರ್ ಮುಂದೆ ನಿಂತು ಪ್ಯಾಂಟಿನ ಹಿಂದಿನ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಹಾಲ್ ಟಿಕೆಟ್ ತೆಗೆಯುತ್ತಾರೆ. ಮಡಿಕೆ ಬಿದ್ದ ಗೆರೆಯಲ್ಲೇ ಫೋಟೋ ಹರಿದಿರುತ್ತದೆ, ಮೇಲ್ವಿಚಾರಕರ ಸಹಿಯ ಶಾಯಿ ಬೆವರಿಗೆ ಹರಡಿರುತ್ತದೆ. ಕೌಂಟರಿನವರು ಅದನ್ನು ಬಿಡಿಸಿ ಹೆಸರು, ಮುಖ ತಾಳೆ ನೋಡುವವರೆಗೆ ಎಲ್ಲರದೂ ಉಸಿರು ಬಿಗಿಹಿಡಿದ ಮುಖ. ಹತ್ತು ತಿಂಗಳು ಟ್ಯೂಷನ್ನು, ಗೈಡು ಎಂದು ಒದ್ದಾಡಿದ ಮಕ್ಕಳು ಅವರು. ಆ ಕಾಗದ ಪಾಲಕರ ಫೈಲಿನಲ್ಲಿ ಭದ್ರವಾಗಿರಬೇಕಾದದ್ದು ನಿಜ, ಮುಂದೆ ಕಾಲೇಜು ಸೇರುವಾಗ ಬೇಕಾಗಬಹುದು. ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟು ಕಳಿಸಿ. ನೀರಿನ ಆಟಕ್ಕೆ ಹೋಗುವ ಮುಂಚೆ ಲಾಕರ್‌ನಲ್ಲಿ ಇಡಲು ಮರೆಯಬೇಡಿ ಎಂದೂ ಹೇಳಿ.

ಕಾಲೇಜು ಐಡಿ ಕಾರ್ಡಿಗೆ?

ವಿದ್ಯಾರ್ಥಿಗಳಿಗೆ ಪ್ರತ್ಯೇಕ ಕಡಿತ ಇರುತ್ತದೆ, ವಯಸ್ಸಿನ ಮಿತಿಯೂ ಇರುತ್ತದೆ. ಅಸಲಿ ಕಾರ್ಡ್ ಬೇಕು, ಅವಧಿ ಮುಗಿದಿರಬಾರದು. ಮೊಬೈಲಿನಲ್ಲಿರುವ ಫೋಟೋ ನಂಬಿಕೊಂಡು ಹೋಗಬೇಡಿ.

ಮಕ್ಕಳ ಟಿಕೆಟ್ ಎಷ್ಟು ವರ್ಷದವರೆಗೆ?

ವರ್ಷದ ಲೆಕ್ಕ ಇಲ್ಲ, ಎತ್ತರದ ಲೆಕ್ಕ. 85 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಉಚಿತ. ಅಲ್ಲಿಂದ 140 ಸೆಂಟಿಮೀಟರ್‌ವರೆಗೆ ಮಕ್ಕಳ ಟಿಕೆಟ್. ಅದಕ್ಕಿಂತ ಎತ್ತರವಿದ್ದರೆ ವಯಸ್ಸು ಹತ್ತೇ ಆಗಿದ್ದರೂ ದೊಡ್ಡವರ ಟಿಕೆಟ್. ಆಟಗಳಿಗೆ ಹತ್ತಿಸುವಾಗಲೂ ಎತ್ತರವನ್ನೇ ನೋಡುವುದರಿಂದ ಇದರಲ್ಲಿ ನ್ಯಾಯವಿದೆ. 142 ಸೆಂಟಿಮೀಟರ್ ಇರುವ ಹುಡುಗಿ ದೊಡ್ಡವರ ಆಟಗಳಲ್ಲಿ ಬಹುಪಾಲು ಆಡಬಹುದು, 110 ಇರುವ ತಮ್ಮನಿಗೆ ಹೆಚ್ಚಿನವು ಸಿಗುವುದಿಲ್ಲ.

ಆನ್‌ಲೈನ್‌ನಲ್ಲಿ ಬುಕ್ ಮಾಡುವ ಹಿಂದಿನ ದಿನ ಮನೆಯಲ್ಲೇ ಗೋಡೆಗೆ ನಿಲ್ಲಿಸಿ, ಚಪ್ಪಲಿ ಇಲ್ಲದೆ, ತಲೆಯ ಮೇಲೆ ಪುಸ್ತಕ ಇಟ್ಟು ಗುರುತು ಮಾಡಿ ಅಳೆಯಿರಿ. 139, 140ರ ಗಡಿಯಲ್ಲಿರುವ ಮಕ್ಕಳ ವಿಷಯದಲ್ಲಿ ಗೇಟಿನ ಬಳಿ ವಾದ ನಡೆಯುವುದು ಸಾಮಾನ್ಯ. ಅಪ್ಪ "ಸ್ವಲ್ಪ ಬಗ್ಗು" ಎಂದು ಪಿಸುಗುಟ್ಟುವುದು, ಮಗು ಅವಮಾನದಿಂದ ಕೆಂಪಾಗುವುದು, ಇದೆಲ್ಲ ಬೇಡ. ದಿನದ ಖುಷಿ ಬಾಗಿಲಲ್ಲೇ ಕೆಡುತ್ತದೆ.

ಅಜ್ಜ, ಅಜ್ಜಿ ಸುಮ್ಮನೆ ನೆರಳಲ್ಲಿ ಕೂರುತ್ತಾರೆ. ಅವರಿಗೂ ಟಿಕೆಟ್ ಬೇಕೇ?

ಬೇಕು. ಆಟ ಆಡಲಿ, ಬಿಡಲಿ, ಒಳಗೆ ಬರುವ ಪ್ರತಿಯೊಬ್ಬರಿಗೂ ಟಿಕೆಟ್ ಇದೆ. 60 ದಾಟಿದವರಿಗೆ ಕಡಿಮೆ ದರ. ಆಧಾರ್ ಅಥವಾ ವಯಸ್ಸು ತೋರಿಸುವ ಬೇರೆ ದಾಖಲೆ ಒಯ್ಯಿರಿ. ಬಿರುಬೇಸಿಗೆಯ ಭಾನುವಾರ ಅವರನ್ನು ಕರೆದೊಯ್ಯುವುದು ನನಗೆ ಸರಿ ಕಾಣುವುದಿಲ್ಲ. ಫೆಬ್ರವರಿಯ ವಾರದ ದಿನವಾದರೆ ಕೂರಲು ಜಾಗವೂ ಸಿಗುತ್ತದೆ, ಮೊಮ್ಮಕ್ಕಳು ಆಡುವುದು ಕಣ್ಣಿಗೂ ಬೀಳುತ್ತದೆ.

ಎರಡು ಆಫರ್ ಒಟ್ಟಿಗೆ ಬಳಸಬಹುದೇ?

ಇಲ್ಲ. ಒಬ್ಬರಿಗೆ ಒಂದೇ. ಮುಂಗಡ ಬುಕಿಂಗ್ ಕಡಿತ, ಐಡಿ ಕಡಿತ, ಬ್ಯಾಂಕ್ ಕಾರ್ಡ್ ಕಡಿತ ಇವುಗಳಲ್ಲಿ ಯಾವುದು ದೊಡ್ಡದೋ ಅದನ್ನು ಆರಿಸಿಕೊಳ್ಳಿ. ಒಂದೇ ಕುಟುಂಬದಲ್ಲಿ ಬೇರೆ ಬೇರೆಯವರು ಬೇರೆ ಬೇರೆ ರಿಯಾಯಿತಿಗೆ ಅರ್ಹರಾಗಿದ್ದರೆ ಬುಕಿಂಗ್ ಬೇರೆ ಬೇರೆಯಾಗಿ ಮಾಡುವುದು ಲಾಭ. ಅಕ್ಕನದು ಕಾಲೇಜು ಐಡಿ, ತಮ್ಮನದು ಹಾಲ್ ಟಿಕೆಟ್, ಅಜ್ಜಿಯದು ಹಿರಿಯರ ದರ ಆಗಬಹುದು.

ಟಿಕೆಟ್ ಮೇಲೆ ಜಿಎಸ್‌ಟಿ ಎಷ್ಟು? ರಿಯಾಯಿತಿ ತೆರಿಗೆಗೂ ಅನ್ವಯಿಸುತ್ತದೆಯೇ?

ಶೇ 18. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಥೀಮ್ ಪಾರ್ಕ್, ವಾಟರ್ ಪಾರ್ಕ್‌ಗಳನ್ನು ಶೇ 28ರ ಪಟ್ಟಿಗೆ ಸೇರಿಸಿದ್ದರು. ಪಾರ್ಕಿನವರು ಮನವಿ ಮಾಡಿಕೊಂಡ ಮೇಲೆ 2018ರ ಜನವರಿಯಲ್ಲಿ ಶೇ 18ಕ್ಕೆ ಇಳಿಯಿತು. ಆ ಆರೇಳು ತಿಂಗಳು ಸಾವಿರ ರೂಪಾಯಿಯ ಟಿಕೆಟ್‌ಗೆ 280 ರೂಪಾಯಿ ತೆರಿಗೆಯೇ ಆಗುತ್ತಿತ್ತು.

ಕಡಿತ ಮೂಲ ದರದ ಮೇಲೆ ಆಗುತ್ತದೆ, ತೆರಿಗೆ ಉಳಿದ ಮೊತ್ತದ ಮೇಲೆ ಬೀಳುತ್ತದೆ. ಸಾವಿರದ ಟಿಕೆಟ್ ಪೂರ್ತಿ ದರದಲ್ಲಿ 1,180 ರೂ. ಶೇ 35 ಕಡಿತವಾದರೆ 650, ಅದರ ಮೇಲೆ ತೆರಿಗೆ 117, ಒಟ್ಟು 767. ಕೈಯಲ್ಲಿ ಉಳಿಯುವುದು 413 ರೂ. ಜಾಹೀರಾತಿನಲ್ಲಿ ಕಾಣುವ ದರ ತೆರಿಗೆ ಸೇರಿಸಿದ್ದೋ ಬಿಟ್ಟದ್ದೋ ಎಂದು ಮೊದಲು ನೋಡಿ. ನಾಲ್ಕು ಜನರ ಬಿಲ್ಲಿನಲ್ಲಿ ಈ ವ್ಯತ್ಯಾಸ ಒಂದು ಹೊತ್ತಿನ ಊಟದಷ್ಟಾಗುತ್ತದೆ.

ಮಹಿಳಾ ದಿನ, ಇತರ ವಿಶೇಷ ದಿನಗಳ "ಒಂದು ಕೊಂಡರೆ ಒಂದು ಉಚಿತ" ಆಫರ್‌ಗೆ ಹೋಗಬಹುದೇ?

ಗೆಳತಿಯರ ಗುಂಪಿಗೆ ಮಾರ್ಚ್ 8ರ ಆಫರ್ ಸೊಗಸು. ಮಹಿಳೆಯರಿಗೆಂದೇ ಪಾರ್ಕ್ ಮೀಸಲಿಟ್ಟ ವರ್ಷಗಳೂ ಉಂಟು. ಬೇರೆ ದಿನ ನೀರಿಗಿಳಿಯಲು ಸಂಕೋಚ ಪಡುವ ಅಮ್ಮಂದಿರು, ಅತ್ತಿಗೆಯರು ಆವತ್ತು ಹಾಯಾಗಿ ಆಡುತ್ತಾರೆ. ಅದಕ್ಕೆ ಬೆಲೆ ಕಟ್ಟಲಾಗದು. ಆದರೆ ಅರ್ಧ ದರದ ದಿನ ಎಲ್ಲರೂ ಬರುತ್ತಾರೆ. ದೊಡ್ಡ ರೋಲರ್ ಕೋಸ್ಟರ್‌ಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೋಗುವುದಾದರೆ ಆ ದಿನ ಬೇಡ.

ಶಾಲೆ, ಕಚೇರಿ, ಸಂಘದಿಂದ ಗುಂಪಾಗಿ ಹೋದರೆ?

ಗುಂಪಿಗೆ ಬೇರೆ ದರ, ಮಾತಾಡಿಕೊಂಡು ಮುಂಚೆಯೇ ನಿಗದಿ ಮಾಡಿಕೊಳ್ಳಬೇಕು. ಊಟ ಸೇರಿಸಿದ ಪ್ಯಾಕೇಜ್ ಸಾಮಾನ್ಯವಾಗಿ ಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗ. ಶಾಲೆಯವರಿಗೆ ಒಂದು ಮನವಿ: ದರ ಇಳಿಸಿಕೊಳ್ಳುವಾಗ ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕರಿಗೆ ಉಚಿತ ಪ್ರವೇಶ ಎಂದೂ ಕೇಳಿ. ಮೇಷ್ಟ್ರು, ಮೇಡಂ ಸಾಕಷ್ಟು ಜನ ಇದ್ದರೆ ಕೊಳದ ಬಳಿ ಮಕ್ಕಳ ಮೇಲೆ ಕಣ್ಣಿಡುವುದಕ್ಕೆ ಆಗುತ್ತದೆ. ಪ್ರವಾಸದ ಹಣ ಕಟ್ಟಲಾಗದೆ ಮನೆಯಲ್ಲೇ ಉಳಿಯುವ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ಗುಂಪು ದರದಲ್ಲಿ ಉಳಿಸಿದ ದುಡ್ಡು ಆ ಮಗುವಿನ ಟಿಕೆಟ್‌ಗೆ ಹೋದರೆ ಎಷ್ಟು ಚೆನ್ನ.

ಫಾಸ್ಟ್‌ಟ್ರ್ಯಾಕ್ ಟಿಕೆಟ್ ತಗೊಳ್ಳಬೇಕೇ?

ಹೆಚ್ಚಿನ ದುಡ್ಡು ಕೊಟ್ಟು ಬೇರೆ ಸಣ್ಣ ಕ್ಯೂನಲ್ಲಿ ಬೇಗ ಸರದಿ ಪಡೆಯುವ ಟಿಕೆಟ್ ಅದು. ಬೇಸಿಗೆಯ ಭಾನುವಾರವೇ ಹೋಗಬೇಕು, ದೂರದಿಂದ ಬಂದಿದ್ದೀರಿ, ಇನ್ನೊಮ್ಮೆ ಬರುವುದು ಯಾವಾಗಲೋ ಗೊತ್ತಿಲ್ಲ ಎಂದರೆ ತೆಗೆದುಕೊಳ್ಳಿ. ಉಳಿದವರಿಗೆ ಬೇಡ. ವಾರದ ಮಧ್ಯದಲ್ಲಿ ಹೋದರೆ ಆ ಹೆಚ್ಚಿನ ದುಡ್ಡು ಕೊಡದೆಯೇ ಸುಮಾರು ಅಷ್ಟೇ ಬೇಗ ಸರದಿ ಬರುತ್ತದೆ.

"ವಂಡರ್‌ಲಾ ಉಚಿತ ಟಿಕೆಟ್, ಹತ್ತು ಜನರಿಗೆ ಕಳಿಸಿ" ಎಂಬ ವಾಟ್ಸ್‌ಆ್ಯಪ್ ಸಂದೇಶ ಬಂದಿದೆ. ನಿಜವೇ?

ಸುಳ್ಳು. ಅದರಲ್ಲಿರುವ ಲಿಂಕ್ ಒತ್ತಬೇಡಿ. ಹತ್ತು ಜನರಿಗೆ ಕಳಿಸಿದರೆ ಟಿಕೆಟ್ ಕೊಡುವ ಪಾರ್ಕ್ ಭೂಮಿಯ ಮೇಲೆ ಇಲ್ಲ. ಬುಕಿಂಗ್ ಏನಿದ್ದರೂ ಪಾರ್ಕಿನ ಸ್ವಂತ ವೆಬ್‌ಸೈಟ್‌ನಲ್ಲಿ ಅಥವಾ ಕೌಂಟರ್‌ನಲ್ಲಿ ಮಾಡಿ. ಲಿಂಕ್ ಒತ್ತಿ ದುಡ್ಡು ಕಳೆದುಕೊಂಡಿದ್ದರೆ ನಾಚಿಕೆ ಪಡದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಯಾರೋ ತಮ್ಮ ರಿಯಾಯಿತಿ ಟಿಕೆಟ್ ಮಾರುತ್ತೇನೆ ಎಂದರೂ ಬೇಡ, ಐಡಿ ತಾಳೆಯಾಗದೆ ಗೇಟಿನಲ್ಲಿ ನಿಲ್ಲಬೇಕಾಗುತ್ತದೆ.

ಟಿಕೆಟ್ ಬಿಟ್ಟು ಇನ್ನೇನು ಖರ್ಚು?

ಬಟ್ಟೆ, ಲಾಕರ್, ಊಟ, ಪಾರ್ಕಿಂಗ್. ನೀರಿನ ಆಟಕ್ಕೆ ಹತ್ತಿ ಬಟ್ಟೆ, ಜೀನ್ಸ್, ಸೀರೆ, ಚೂಡಿದಾರದಲ್ಲಿ ಬಿಡುವುದಿಲ್ಲ. ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯೇ ಬೇಕು. ಮನೆಯಿಂದಲೇ ಪಾಲಿಯೆಸ್ಟರ್ ಶಾರ್ಟ್ಸ್, ಟೀ ಶರ್ಟ್, ಹೆಂಗಸರಿಗೆ ಲೆಗ್ಗಿಂಗ್ಸ್ ತರಹದ ಈಜುಡುಗೆ ಒಯ್ದರೆ ಅಲ್ಲಿ ನಾಲ್ಕು ಜನರ ಬಟ್ಟೆಗೆ ಕೊಡುವ ದುಡ್ಡು ಉಳಿಯುತ್ತದೆ. ಇದೇ ದೊಡ್ಡ ಉಳಿತಾಯ, ಕೂಪನ್ ಹುಡುಕುವವರು ಇದನ್ನೇ ಮರೆಯುತ್ತಾರೆ. ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಹೋಗುವ ದಾರಿಯಲ್ಲಿ ಬಿಡದಿ ತಟ್ಟೆ ಇಡ್ಲಿ ಹೊಟ್ಟೆ ತುಂಬ ತಿಂದು ಹೋಗಿ. ಬೆಣ್ಣೆ ಹಾಕಿದ ಎರಡು ತಟ್ಟೆ ಇಡ್ಲಿ ಮಧ್ಯಾಹ್ನ ಎರಡರವರೆಗೆ ಹಸಿವು ತಡೆಯುತ್ತದೆ.

ಬೆಂಗಳೂರಿನಿಂದ ಬಸ್ಸು, ಮೆಟ್ರೋದಲ್ಲಿ ಹೋಗಬಹುದೇ?

ಪಾರ್ಕ್ ಇರುವುದು ಮೈಸೂರು ರಸ್ತೆಯಲ್ಲಿ, ನಗರದಿಂದ 28 ಕಿಲೋಮೀಟರ್. ನೇರಳೆ ಮಾರ್ಗದ ಮೆಟ್ರೋ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದವರೆಗೂ ಓಡುತ್ತಿದೆ. ಕೆಂಗೇರಿವರೆಗೆ ಮೆಟ್ರೋದಲ್ಲಿ ಹೋಗಿ ಅಲ್ಲಿಂದ ಬಸ್ಸು ಹಿಡಿಯಬಹುದು. ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಕರ್ನಾಟಕದ ಮಹಿಳೆಯರಿಗೆ ಶಕ್ತಿ ಯೋಜನೆಯಡಿ 2023ರ ಜೂನ್‌ನಿಂದ ಪ್ರಯಾಣ ಉಚಿತ, ಆಧಾರ್ ಜೊತೆಗಿರಲಿ. ಕಾರಿನಲ್ಲಿ ಹೋಗುವವರು ಎಕ್ಸ್‌ಪ್ರೆಸ್‌ವೇ ಹತ್ತಿದ ಮೇಲೆ ತಿರುವು ತಪ್ಪಿಸಿಕೊಂಡರೆ ಬಹಳ ದೂರ ಹೋಗಿ ವಾಪಸು ಬರಬೇಕು. ಸರ್ವಿಸ್ ರಸ್ತೆಯಲ್ಲೇ ಹೋಗಿ.

ಬೆಂಗಳೂರಿಗೆ ಬರಲಾಗದವರಿಗೆ?

ಮೈಸೂರಿನಲ್ಲಿ ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆ, ಮಂಗಳೂರಿನವರಿಗೆ ಪಿಲಿಕುಳದ ಮಾನಸ ವಾಟರ್ ಪಾರ್ಕ್. ಗಾತ್ರ ಚಿಕ್ಕದು, ಸಣ್ಣ ಮಕ್ಕಳಿರುವ ಮನೆಗೆ ಅದೇ ಸಾಕು.

ಅಮೆರಿಕದ ಡಿಸ್ನಿಯಲ್ಲೂ ಹೀಗೆಯೇ? ಮಗನ ಮನೆಗೆ ಹೋಗುತ್ತಿದ್ದೇವೆ.

ಲೆಕ್ಕಾಚಾರ ಇದೇ, ಪ್ರಮಾಣ ದೊಡ್ಡದು. ಫ್ಲಾರಿಡಾದ ಮ್ಯಾಜಿಕ್ ಕಿಂಗ್‌ಡಮ್ ಒಂದಕ್ಕೇ 2019ರಲ್ಲಿ ಸುಮಾರು 2.1 ಕೋಟಿ ಜನ ಬಂದಿದ್ದರು ಎಂಬುದು ಉದ್ಯಮದ ಅಂದಾಜು. ಡಿಸ್ನಿ ತಾನಾಗಿ ಪಾರ್ಕುವಾರು ಸಂಖ್ಯೆ ಹೇಳುವುದಿಲ್ಲ. 2020ರಲ್ಲಿ ಅದು 70 ಲಕ್ಷಕ್ಕೆ ಕುಸಿಯಿತು, 2023ರ ಹೊತ್ತಿಗೆ 1.77 ಕೋಟಿಗೆ ಏರಿತು, ಹಳೆಯ ಮಟ್ಟಕ್ಕೆ ಮರಳಲಿಲ್ಲ. ಅಲ್ಲಿಯೂ ದಿನಕ್ಕೊಂದು ದರ.

ಅಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲೆ, 3ರಿಂದ 9 ವರ್ಷ. ಮೂರರೊಳಗಿನವರಿಗೆ ಉಚಿತ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಆ ರಾಜ್ಯದ ನಿವಾಸಿಗಳಿಗೆ, ಫ್ಲಾರಿಡಾದಲ್ಲಿ ಅಲ್ಲಿಯ ನಿವಾಸಿಗಳಿಗೆ ಆಗಾಗ ಕಡಿಮೆ ದರದ ಟಿಕೆಟ್ ಬರುತ್ತದೆ. ನಿಮ್ಮ ಮಗ, ಸೊಸೆ ಆ ರಾಜ್ಯದಲ್ಲೇ ಇದ್ದರೆ ಅವರಿಗೆ ಅದು ಸಿಗುತ್ತದೆ, ಪ್ರವಾಸಿ ವೀಸಾದಲ್ಲಿ ಹೋದ ನಿಮಗೆ ಸಿಗುವುದಿಲ್ಲ. ವಿಳಾಸ ಇರುವ ಅಲ್ಲಿಯ ಗುರುತಿನ ಚೀಟಿ ಕೇಳುತ್ತಾರೆ. ಟಿಕೆಟ್ ಕೊಳ್ಳುವ ಮುಂಚೆ ಮಗನಿಗೆ ಇದನ್ನು ಹೇಳಿಬಿಡಿ.

ಬೆಳಿಗ್ಗೆ ಎಷ್ಟು ಹೊತ್ತಿಗೆ ತಲುಪಬೇಕು?

ಗೇಟು ತೆರೆಯುವ ಅರ್ಧ ಗಂಟೆ ಮುಂಚೆ. ನೀರಿನ ಆಟಗಳು ಮಧ್ಯಾಹ್ನದ ಹೊತ್ತಿಗೆ ಶುರುವಾಗುತ್ತವೆ. ಅಷ್ಟರವರೆಗೆ ಎಲ್ಲರೂ ಒಣ ಆಟಗಳಲ್ಲೇ ಇರುತ್ತಾರೆ. ಒಳಗೆ ಹೋದ ತಕ್ಷಣ ಗೇಟಿನ ಹತ್ತಿರದ ಆಟಕ್ಕೆ ನಿಲ್ಲದೆ ನೇರವಾಗಿ ರಿಕಾಯ್ಲ್ ಎಂಬ ರೋಲರ್ ಕೋಸ್ಟರ್‌ನಂಥ ದೊಡ್ಡ ಆಟಕ್ಕೆ ನಡೆಯಿರಿ. ನೀರಿನ ವಿಭಾಗ ತೆರೆದ ಕೂಡಲೇ ಜನ ಅತ್ತ ನುಗ್ಗುತ್ತಾರೆ, ಆಗ ಇತ್ತ ಕ್ಯೂ ಸಣ್ಣದಾಗುತ್ತದೆ. ಆ ಒಂದು ಗಂಟೆ ಒಣ ಆಟಗಳನ್ನೇ ಮುಗಿಸಿಕೊಂಡು, ಬೇರೆಯವರು ಊಟಕ್ಕೆ ಎದ್ದಾಗ ನೀರಿಗಿಳಿಯಿರಿ. ನಿಮ್ಮ ಊಟ ಮೂರು ಗಂಟೆಗೆ ಇಟ್ಟುಕೊಳ್ಳಿ. ನೀರಿನ ಆಟ ಯಾವಾಗ ನಿಲ್ಲಿಸುತ್ತಾರೆಂಬ ಫಲಕ ನೋಡಿಕೊಂಡಿರಿ. ಅದು ಪಾರ್ಕ್ ಮುಚ್ಚುವ ಸಮಯಕ್ಕಿಂತ ಮುಂಚೆಯೇ ಇರುತ್ತದೆ.